ಮಣಿಕಟ್ಟು ಸುಧಾರಿಸಿತೇ, ಸೆನ್ಸರ್ ತಿರುಗಿತೇ? ಒಂದು ಪ್ರಕರಣ ಅಧ್ಯಯನ

ಒಂದೇ ವ್ಯಕ್ತಿ, ಒಂದೇ ಬಲಗೈ, ಒಂದೇ ಸುತ್ತಿಗೆ. ಮಣಿಕಟ್ಟಿನ ಹತ್ತಿರ ಮುರಿದಿದ್ದ ಮೂಳೆ ಕೂಡಿಕೊಂಡ ಮೇಲೆ ಒಂದು ಸಲ ಅಳತೆ ಮಾಡಿದ್ದಾರೆ. ಮೂರು ತಿಂಗಳ ವ್ಯಾಯಾಮದ ನಂತರ ಇನ್ನೊಂದು ಸಲ. ಸುತ್ತಿಗೆ ಬೀಸುವಾಗ ಕೈ ಪಕ್ಕಕ್ಕೆ ಎಷ್ಟು ವಾಲುತ್ತದೆ ಅನ್ನುವುದು ಪ್ರಶ್ನೆ. ಮೊದಲ ಸಲ ಒಟ್ಟು ವಾಲಿಕೆ 12 ಡಿಗ್ರಿ ಬಂತು. ಎರಡನೇ ಸಲ 37. ಮೂರು ಪಟ್ಟು ಜಾಸ್ತಿ. ವ್ಯಾಯಾಮ ಚೆನ್ನಾಗಿ ಕೆಲಸ ಮಾಡಿದೆ ಅಂತ ಬರೆದು ವರದಿ ಮುಗಿಸೋಣ ಅನ್ನಿಸುತ್ತದೆ, ಅಲ್ವಾ?

ಆದರೆ ಈ ಎರಡು ಭೇಟಿಗಳ ನಡುವೆ ಆ ಮಣಿಕಟ್ಟಿನ ಚಲನೆ ಒಂದು ಡಿಗ್ರಿಯೂ ಬದಲಾಗಿಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಈ ಪ್ರಕರಣವನ್ನು ನಾನೇ ಕಟ್ಟಿದ್ದೇನೆ. ನಿಜವಾದ ರೋಗಿಯ ಕೈಯೊಳಗೆ ಮೂಳೆ ಎಷ್ಟು ಸರಿಯಿತು ಅನ್ನುವುದು ಚರ್ಮದ ಮೇಲಿಟ್ಟ ಸೆನ್ಸರ್‌ಗೆ ಖಚಿತವಾಗಿ ತಿಳಿಯುವುದಿಲ್ಲ. ಹಾಗಾಗಿ ಅಳತೆ ಎಲ್ಲಿ ತಪ್ಪಿತು ಅಂತ ತೋರಿಸುವುದೂ ಕಷ್ಟ. ಇಲ್ಲಿ ನಿಜವಾದ ಚಲನೆಯನ್ನು ಮೊದಲೇ ಇಟ್ಟುಕೊಂಡು, ಸೆನ್ಸರ್ ಏನು ತೋರಿಸುತ್ತದೆ ಅಂತ ಲೆಕ್ಕ ಹಾಕಿದ್ದೇನೆ. ವ್ಯಕ್ತಿ ಕಾಲ್ಪನಿಕ, ಜ್ಯಾಮಿತಿ ನಿಜ. ಸೈನ್, ಕೊಸೈನ್ ಗೊತ್ತಿರುವ ಯಾರೇ ಆದರೂ ಕೂತು ಪರೀಕ್ಷಿಸಬಹುದು.

ಅಳೆಯುತ್ತಿರುವುದು ಏನನ್ನು?

ಮಣಿಕಟ್ಟು ಅಂದರೆ ಒಂದು ಕೀಲು ಅಂತ ಸುಮ್ನೆ ಹೇಳಿಬಿಡುತ್ತೇವೆ. ಒಳಗೆ ಎರಡು ಸಾಲಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಮುಂಗೈಯ ರೇಡಿಯಸ್ ಮೂಳೆಗೂ ಮೊದಲ ಸಾಲಿಗೂ ನಡುವೆ ಒಂದು ಕೀಲು, ಎರಡು ಸಾಲುಗಳ ನಡುವೆ ಇನ್ನೊಂದು. ಹೊರಗಿನಿಂದ ನಮಗೆ ಕಾಣುವುದು ಇವೆಲ್ಲ ಸೇರಿ ಕೊಡುವ ಒಟ್ಟು ಚಲನೆ ಮಾತ್ರ.

ಆ ಒಟ್ಟು ಚಲನೆಗೆ ಎರಡು ಮುಖ್ಯ ದಿಕ್ಕುಗಳು. ಕೈ ಅಂಗೈ ಕಡೆಗೆ, ಅಂದರೆ ಮುಂದಕ್ಕೆ ಬಾಗುವುದು ಫ್ಲೆಕ್ಷನ್, ಹಿಂದಕ್ಕೆ ಬಾಗುವುದು ಎಕ್ಸ್‌ಟೆನ್ಷನ್. ಹೆಬ್ಬೆರಳಿನ ಕಡೆಗೆ ವಾಲುವುದು ರೇಡಿಯಲ್ ಡೀವಿಯೇಷನ್, ಕಿರುಬೆರಳಿನ ಕಡೆಗೆ ವಾಲುವುದು ಅಲ್ನರ್ ಡೀವಿಯೇಷನ್. ಆರೋಗ್ಯವಂತರಿಗೆ ಸಾಮಾನ್ಯವಾಗಿ ಬಳಸುವ ಮಿತಿಗಳು ಹೀಗಿವೆ: ಮುಂದಕ್ಕೆ 80, ಹಿಂದಕ್ಕೆ 70, ಹೆಬ್ಬೆರಳ ಕಡೆಗೆ 20, ಕಿರುಬೆರಳ ಕಡೆಗೆ 30 ಡಿಗ್ರಿ. ದಿನನಿತ್ಯದ ಕೆಲಸಕ್ಕೆ ಇಷ್ಟೆಲ್ಲ ಬೇಕಾಗುವುದಿಲ್ಲ. 1985ರಲ್ಲಿ ಪಾಮರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಬಹುತೇಕ ಕೆಲಸಗಳು ಮುಂದಕ್ಕೆ 5, ಹಿಂದಕ್ಕೆ 30, ಹೆಬ್ಬೆರಳ ಕಡೆಗೆ 10, ಕಿರುಬೆರಳ ಕಡೆಗೆ 15 ಡಿಗ್ರಿಯೊಳಗೆ ಮುಗಿದಿದ್ದವು. ಈ ಅಂಕಿಗಳು ಎಷ್ಟು ಚಿಕ್ಕವು ನೋಡಿ. ಪಕ್ಕದ ವಾಲಿಕೆಯಲ್ಲಿ ಹತ್ತು ಡಿಗ್ರಿ ತಪ್ಪು ಬಂದರೆ ಅಳತೆಯ ಬಹುಪಾಲು ತಪ್ಪೇ ಆಯಿತು.

ಇನ್ನು ಸುತ್ತಿಗೆಯ ವಿಷಯ. ಸುತ್ತಿಗೆ ಎತ್ತುವಾಗ ಕೈ ಹಿಂದಕ್ಕೆ ಬಾಗಿ, ಜೊತೆಗೆ ಹೆಬ್ಬೆರಳ ಕಡೆಗೆ ವಾಲುತ್ತದೆ. ಹೊಡೆಯುವಾಗ ಮುಂದಕ್ಕೆ ಬಾಗಿ ಕಿರುಬೆರಳ ಕಡೆಗೆ ಹೋಗುತ್ತದೆ. ಈ ಓರೆ ದಾರಿಗೆ ಸಂಶೋಧಕರು ಡಾರ್ಟ್ (ಗುರಿಹಲಗೆಗೆ ಎಸೆಯುವ ಚಿಕ್ಕ ಬಾಣ) ಎಸೆತದ ಚಲನೆ ಅನ್ನುತ್ತಾರೆ. ಇದು ಹೆಚ್ಚಾಗಿ ಎರಡು ಸಾಲುಗಳ ನಡುವಿನ ಕೀಲಿನಲ್ಲಿ ನಡೆಯುತ್ತದೆ, ರೇಡಿಯಸ್ ಪಕ್ಕದ ಸಾಲು ಕಡಿಮೆ ಅಲುಗುತ್ತದೆ. ಹಾಗಾಗಿಯೇ ಮಣಿಕಟ್ಟಿನ ಗಾಯ ಮತ್ತು ಶಸ್ತ್ರಚಿಕಿತ್ಸೆಯ ನಂತರ ಈ ಓರೆ ದಾರಿ ಎಷ್ಟು ಉಳಿದಿದೆ ಅನ್ನುವುದಕ್ಕೆ ಇಷ್ಟು ಬೆಲೆ.

ನಮ್ಮ ವ್ಯಕ್ತಿಯ ನಿಜವಾದ ಚಲನೆ ಹೀಗೆ ಇಟ್ಟುಕೊಳ್ಳೋಣ. ಸುತ್ತಿಗೆ ಎತ್ತಿದ ತುದಿಯಲ್ಲಿ ಹಿಂದಕ್ಕೆ 30, ಹೆಬ್ಬೆರಳ ಕಡೆಗೆ 15. ಹೊಡೆದ ತುದಿಯಲ್ಲಿ ಮುಂದಕ್ಕೆ 20, ಕಿರುಬೆರಳ ಕಡೆಗೆ 10. ಅಂದರೆ ಬಾಗುವಿಕೆ ಒಟ್ಟು 50 ಡಿಗ್ರಿ, ವಾಲಿಕೆ ಒಟ್ಟು 25. ಎರಡೂ ಭೇಟಿಗಳಲ್ಲಿ ಇದೇ.

ಅಳತೆ ನಡೆದ ರೀತಿ

ಎರಡು ಚಲನ ಸೆನ್ಸರ್‌ಗಳು. ಒಂದು ಕೈಯ ಹಿಂಬದಿ, ಮಧ್ಯದ ಬೆರಳಿನ ಅಂಗೈಮೂಳೆಯ ಮೇಲೆ. ಇನ್ನೊಂದು ಮುಂಗೈಯ ಹಿಂಬದಿ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಬೆಲ್ಟಿನಿಂದ ಕಟ್ಟಿದ್ದು. ಪ್ರತಿ ಸೆನ್ಸರ್ ತಾನು ಯಾವ ಕಡೆ ಮುಖ ಮಾಡಿದೆ ಅಂತ ಹೇಳುತ್ತದೆ, ಎರಡರ ವ್ಯತ್ಯಾಸವೇ ಮಣಿಕಟ್ಟಿನ ಕೋನ. ಹತ್ತಿರದಲ್ಲೇ ಕಬ್ಬಿಣದ ಸುತ್ತಿಗೆ ಓಡಾಡುವುದರಿಂದ ಸೆನ್ಸರ್ ಒಳಗಿನ ದಿಕ್ಸೂಚಿಯನ್ನು ಆಫ್ ಮಾಡಿಟ್ಟಿದ್ದಾರೆ. ಅದು ಸರಿಯಾದ ನಿರ್ಧಾರ. ಕೆಲವೇ ಸೆಕೆಂಡಿನ ಬೀಸುವಿಕೆಗೆ ತಿರುಗುವ ವೇಗ ಅಳೆಯುವ ಜೈರೋಸ್ಕೋಪ್ ಸಾಕು.

ಸೆನ್ಸರ್ ಕಟ್ಟಿದ ಮೇಲೆ ಸೊನ್ನೆ ಹಿಡಿಯಬೇಕು. ಇದೇ ನೇರ ಸ್ಥಿತಿ, ಇಲ್ಲಿಂದ ಎಣಿಸು ಅಂತ ಕಂಪ್ಯೂಟರಿಗೆ ಹೇಳುವ ಹೆಜ್ಜೆ ಅದು. ಮೊದಲ ಭೇಟಿಯಲ್ಲಿ ಅಂಗೈ ಕೆಳಮುಖವಾಗಿ ಮೇಜಿನ ಮೇಲಿಟ್ಟು ಸೊನ್ನೆ ಹಿಡಿದರು. ಎರಡನೇ ಭೇಟಿಯಲ್ಲಿ ಬೇರೆಯವರು ಅಳತೆ ಮಾಡಿದರು, ಅಂಗೈ ಮೇಲ್ಮುಖವಾಗಿ ಇಡಿಸಿದರು. ಎರಡೂ ಸಲ ಕೈ ಮುಂಗೈಗೆ ನೇರವಾಗಿಯೇ ಇತ್ತು. ಪದ್ಧತಿ ಬರೆದಿಟ್ಟ ಹಾಳೆಯಲ್ಲಿ ಇದ್ದದ್ದು "ಮಣಿಕಟ್ಟು ನೇರವಾಗಿರಬೇಕು" ಅಂತ ಮಾತ್ರ. ಮುಂಗೈ ಹೇಗೆ ತಿರುಗಿರಬೇಕು ಅಂತ ಒಂದು ಸಾಲೂ ಇರಲಿಲ್ಲ.

ಸುತ್ತಿಗೆ ಹಿಡಿಯುವಾಗ ಮುಂಗೈ ಇವೆರಡರ ನಡುವೆ ಇರುತ್ತದೆ. ಹೆಬ್ಬೆರಳು ಮೇಲೆ, ಕಿರುಬೆರಳು ಕೆಳಗೆ. ಅಂದರೆ ಮೊದಲ ಭೇಟಿಯಲ್ಲಿ ಸೊನ್ನೆ ಹಿಡಿದ ನಂತರ ಮುಂಗೈ ಹೆಚ್ಚುಕಡಿಮೆ 90 ಡಿಗ್ರಿ ಒಂದು ದಿಕ್ಕಿಗೆ ತಿರುಗಿತು. ಎರಡನೇ ಭೇಟಿಯಲ್ಲಿ ಅಷ್ಟೇ, ಆದರೆ ಉಲ್ಟಾ ದಿಕ್ಕಿಗೆ.

ಚರ್ಮ ಮಾಡುವ ಕೆಲಸ

ಈಗ ನಿಮ್ಮ ಎಡಗೈ ಬೆರಳುಗಳನ್ನು ಬಲ ಮುಂಗೈ ಮೇಲೆ, ಮೊಣಕೈ ಹತ್ತಿರ ಇಡಿ. ಬಲ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ. ಬೆರಳ ಕೆಳಗಿನ ಚರ್ಮ ಹೆಚ್ಚು ಅಲುಗುವುದಿಲ್ಲ. ಬೆರಳುಗಳನ್ನು ಮಣಿಕಟ್ಟಿನ ಹತ್ತಿರ ತಂದು ಮತ್ತೆ ತಿರುಗಿಸಿ. ಅಲ್ಲಿ ಚರ್ಮ ಬಹುಮಟ್ಟಿಗೆ ಕೈಯ ಜೊತೆಗೇ ತಿರುಗುತ್ತದೆ. ನಡುವೆ ಎಲ್ಲೇ ಇಟ್ಟರೂ ಈ ಎರಡರ ನಡುವಿನ ಅನುಭವ. ಮುಂಗೈ ತಿರುಗುವುದು ಅಂದರೆ ರೇಡಿಯಸ್ ಮೂಳೆ ಅಲ್ನಾ ಮೂಳೆಯ ಸುತ್ತ ತಿರುಗುವುದು. ಚರ್ಮ ಮತ್ತು ಸ್ನಾಯು ಅದನ್ನು ಪೂರ್ತಿ ಹಿಂಬಾಲಿಸುವುದಿಲ್ಲ, ಸ್ವಲ್ಪ ಹಿಂದೆ ಉಳಿಯುತ್ತವೆ. ಅದರ ಮೇಲೆ ಕಟ್ಟಿದ ಸೆನ್ಸರ್ ಕೂಡ ಅಷ್ಟೇ ಹಿಂದೆ ಉಳಿಯುತ್ತದೆ.

ಇಲ್ಲಿ ಸೆನ್ಸರ್ 15 ಡಿಗ್ರಿ ಹಿಂದೆ ಬಿತ್ತು ಅಂತ ಇಟ್ಟುಕೊಂಡಿದ್ದೇನೆ. 90ರಲ್ಲಿ 15 ಅಂದರೆ ಆರನೇ ಒಂದು ಭಾಗ. ಬೆಲ್ಟ್ ಮೊಣಕೈ ಕಡೆಗೆ ಸರಿದಷ್ಟೂ ಇದು ಹೆಚ್ಚುತ್ತದೆ. ಹಾಗಾಗಿ 15 ಅನ್ನುವುದು ಉತ್ಪ್ರೇಕ್ಷೆಯ ಅಂಕಿ ಏನಲ್ಲ.

15 ಡಿಗ್ರಿ ಓರೆಯಾದ ಸೆನ್ಸರ್ ಏನು ಮಾಡುತ್ತದೆ? ಮೊದಲು ಸುಲಭದ ಉದಾಹರಣೆ ನೋಡೋಣ. ಕೈ ಪಕ್ಕಕ್ಕೆ ಸ್ವಲ್ಪವೂ ವಾಲದೆ, ನೇರವಾಗಿ 60 ಡಿಗ್ರಿ ಮುಂದಕ್ಕೆ ಬಾಗುತ್ತದೆ ಅಂದುಕೊಳ್ಳಿ. ಸುಳ್ಳು ವಾಲಿಕೆಯ ಸೈನ್ ಎಷ್ಟೆಂದರೆ ಸೈನ್ 60 ಗುಣಿಸು ಸೈನ್ 15, ಅಂದರೆ 0.224. ಕೋನಕ್ಕೆ ಬದಲಿಸಿದರೆ 13 ಡಿಗ್ರಿ. ಇಲ್ಲದ ವಾಲಿಕೆ 13 ಡಿಗ್ರಿ ಹುಟ್ಟಿಕೊಂಡಿತು. ಅದೇ ಹೊತ್ತಿಗೆ ಬಾಗುವಿಕೆ ಎಷ್ಟು ತೋರಿಸುತ್ತದೆ ಗೊತ್ತಾ? 59.1. ಒಂದು ಡಿಗ್ರಿಯೂ ಕಡಿಮೆಯಾಗಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಅಪಾಯದ್ದು ಅನ್ನಿಸುವುದು ಇದೇ. ದೊಡ್ಡ ಕೋನ ಸರಿಯಾಗಿ ಬಂದಿರುವುದನ್ನು ನೋಡಿ ನಾವು ಸೆನ್ಸರನ್ನು ನಂಬುತ್ತೇವೆ. ತಪ್ಪೆಲ್ಲ ಚಿಕ್ಕ ಕೋನದೊಳಗೆ ಸೇರಿಕೊಂಡಿರುತ್ತದೆ.

ಇನ್ನೊಂದು ವಿಷಯ. ಕೈ ಹಿಂದಕ್ಕೆ ಬಾಗಿದಾಗ ಈ ಸುಳ್ಳು ವಾಲಿಕೆ ಎದುರು ಪಕ್ಕಕ್ಕೆ ಹೋಗುತ್ತದೆ. ಮುಂದೆ ಬಾಗಿದಾಗ ಒಂದು ಪಕ್ಕ, ಹಿಂದೆ ಬಾಗಿದಾಗ ಇನ್ನೊಂದು ಪಕ್ಕ. ಗ್ರಾಫ್ ಹಾಕಿದರೆ ಓರೆ ಗೆರೆ. ನೋಡಲು ಥೇಟ್ ಡಾರ್ಟ್ ಎಸೆತದ ದಾರಿಯಂತೆ, ಅಥವಾ ಅದರ ಕನ್ನಡಿ ಬಿಂಬದಂತೆ. ಯಾವುದು ಅನ್ನುವುದು ಸೆನ್ಸರ್ ಯಾವ ಕಡೆಗೆ ಹಿಂದೆ ಬಿತ್ತು ಅನ್ನುವುದರ ಮೇಲೆ ನಿಂತಿದೆ.

ಅಂಗೈ ಕೆಳಮುಖದಿಂದ ಹೆಬ್ಬೆರಳು ಮೇಲಿನ ಸ್ಥಿತಿಗೆ ಬಂದರೆ ಸುಳ್ಳು ಓರೆ ನಿಜವಾದ ಓರೆಗೆ ಎದುರಾಗಿ ನಿಂತು ಅದನ್ನು ತಿಂದುಹಾಕುತ್ತದೆ. ಮೇಲ್ಮುಖದಿಂದ ಬಂದರೆ ಅದಕ್ಕೆ ಸೇರಿಕೊಂಡು ಹಿಗ್ಗಿಸುತ್ತದೆ. ನಮ್ಮ ವ್ಯಕ್ತಿಯ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

ಮೊದಲ ಭೇಟಿ: ಎತ್ತಿದ ತುದಿಯಲ್ಲಿ ಹಿಂದಕ್ಕೆ 32.5, ಹೆಬ್ಬೆರಳ ಕಡೆಗೆ 7.2. ಹೊಡೆದ ತುದಿಯಲ್ಲಿ ಮುಂದಕ್ಕೆ 21.8, ಕಿರುಬೆರಳ ಕಡೆಗೆ 4.6.

ಎರಡನೇ ಭೇಟಿ: ಎತ್ತಿದ ತುದಿಯಲ್ಲಿ ಹಿಂದಕ್ಕೆ 25.5, ಹೆಬ್ಬೆರಳ ಕಡೆಗೆ 22. ಹೊಡೆದ ತುದಿಯಲ್ಲಿ ಮುಂದಕ್ಕೆ 16.9, ಕಿರುಬೆರಳ ಕಡೆಗೆ 14.8.

ನಿಜವಾದ ವಾಲಿಕೆ 25. ಒಮ್ಮೆ 12 ಕಂಡಿತು, ಒಮ್ಮೆ 37.

ಅನುಮಾನ ಬರಬೇಕಿದ್ದ ಜಾಗಗಳು

ಈ ಅಂಕಿಗಳನ್ನು ನಿಧಾನವಾಗಿ ಓದಿದರೆ ಸುಳಿವುಗಳು ಅಲ್ಲೇ ಇವೆ. ಎರಡನೇ ಭೇಟಿಯಲ್ಲಿ ಹೆಬ್ಬೆರಳ ಕಡೆಗೆ 22 ಡಿಗ್ರಿ ವಾಲಿದೆ. ಆರೋಗ್ಯವಂತರ ಮಿತಿಯೇ ಸುಮಾರು 20. ಮುರಿದು ಕೂಡಿಕೊಂಡ ಮಣಿಕಟ್ಟು, ಅದೂ ಕೆಲಸ ಮಾಡುವಾಗ, ಅದನ್ನು ಮೀರುತ್ತದೆ ಅಂದರೆ ನಿಂತು ನೋಡಬೇಕು. ಚಿಕಿತ್ಸಾ ಕೋಣೆಯಲ್ಲಿ ಫಿಸಿಯೋಥೆರಪಿಸ್ಟ್ ಸಾದಾ ಗೋನಿಯೋಮೀಟರ್‌ನಲ್ಲಿ (ಎರಡು ತೋಳಿನ ಕೋನಮಾಪಕ) ಅಳೆದಿದ್ದು ಬೇರೆ ಕಥೆ ಹೇಳುತ್ತಿತ್ತು. ಅದರ ಪ್ರಕಾರ ಹೆಬ್ಬೆರಳ ಕಡೆಯ ಗರಿಷ್ಠ ವಾಲಿಕೆ ಮೊದಲ ಭೇಟಿಯಲ್ಲಿ 17, ಎರಡನೆಯದರಲ್ಲಿ 18. ಹಳೆಯ ಉಪಕರಣ ಅಂತ ಅದನ್ನು ಬದಿಗಿಡುವವರಿದ್ದಾರೆ. ಆದರೆ ಗೋನಿಯೋಮೀಟರ್ ಇಡುವವರು ಪ್ರತಿ ಸಲ ಕಣ್ಣಿನಿಂದ ಮುಂಗೈಯ ನಡುಗೆರೆಗೂ ಮಧ್ಯದ ಬೆರಳಿನ ಅಂಗೈಮೂಳೆಗೂ ಹೊಂದಿಸುತ್ತಾರೆ, ಚರ್ಮ ಎಲ್ಲಿ ಉಳಿಯಿತು ಅನ್ನುವುದು ಅಲ್ಲಿ ಅಡ್ಡ ಬರುವುದಿಲ್ಲ. ವೇಗವಾಗಿ ನಡೆಯುವ ಚಲನೆಯನ್ನು ಅದು ಅಳೆಯಲಾರದು, ನಿಜ. ಆದರೂ ಕೆಲಸದಲ್ಲಿ ಕಂಡ ಕೋನ ಗರಿಷ್ಠ ಕೋನಕ್ಕಿಂತ ಜಾಸ್ತಿ ಇರಲು ಹೇಗೆ ಸಾಧ್ಯ?

ಎರಡನೇ ಸುಳಿವು ನನಗೆ ತುಂಬಾ ಇಷ್ಟ. ವಾಲಿಕೆ 12ರಿಂದ 37ಕ್ಕೆ ಏರಿದಾಗ ಬಾಗುವಿಕೆ 54ರಿಂದ 42ಕ್ಕೆ ಇಳಿದಿದೆ. ಬಾಗುವಿಕೆ ಒಂದು ಅಕ್ಷ, ವಾಲಿಕೆ ಇನ್ನೊಂದು ಅಕ್ಷ ಅಂತ ಗ್ರಾಫ್ ಬರೆದು, ತುದಿಯಿಂದ ತುದಿಗೆ ಗೆರೆಯ ಉದ್ದ ಅಳೆಯಿರಿ. ಮೊದಲ ಭೇಟಿಯಲ್ಲಿ 55.6. ಎರಡನೆಯದರಲ್ಲಿ 56.1. ಉದ್ದ ಹೆಚ್ಚುಕಡಿಮೆ ಅಷ್ಟೇ ಇದೆ, ಗೆರೆ ಮಾತ್ರ 30 ಡಿಗ್ರಿಯಷ್ಟು ತಿರುಗಿದೆ. ಕೀಲು ನಿಜವಾಗಿ ಸಡಿಲವಾಗಿದ್ದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಇಷ್ಟು ಲೆಕ್ಕಾಚಾರವಾಗಿ ಕಳೆದುಕೊಳ್ಳುತ್ತಿರಲಿಲ್ಲ.

ಮೂರನೆಯದು ಕಂಪ್ಯೂಟರಿನಲ್ಲೇ ಇತ್ತು, ಯಾರೂ ತೆರೆದು ನೋಡಿರಲಿಲ್ಲ. ಕೀಲಿನ ಚಲನೆಯನ್ನು ಮೂರು ಕೋನಗಳಾಗಿ ಬಿಡಿಸುವ ಪದ್ಧತಿಯನ್ನು ಗ್ರೂಡ್ ಮತ್ತು ಸನ್ಟೇ 1983ರಲ್ಲಿ ಮೊಣಕಾಲಿಗಾಗಿ ಕೊಟ್ಟರು. ಅದೇ ದಾರಿಯಲ್ಲಿ ಅಂತರರಾಷ್ಟ್ರೀಯ ಬಯೋಮೆಕ್ಯಾನಿಕ್ಸ್ ಸೊಸೈಟಿ 2005ರಲ್ಲಿ ಮಣಿಕಟ್ಟಿಗೂ ಶಿಫಾರಸು ಪ್ರಕಟಿಸಿತು. ಬಾಗುವಿಕೆ, ವಾಲಿಕೆ, ಜೊತೆಗೆ ಕೈ ತನ್ನದೇ ಉದ್ದದ ಸುತ್ತ ತಿರುಗುವ ಮೂರನೇ ಕೋನ. ಮಣಿಕಟ್ಟಿನಲ್ಲಿ ನಾವು ಬೇಕೆಂದೇ ಈ ಮೂರನೇ ಚಲನೆ ಮಾಡುವುದು ಬಹಳ ಕಡಿಮೆ, ಆ ತಿರುಗುವ ಕೆಲಸ ಮುಂಗೈಯದು. ಹಾಗಾಗಿ ಎಷ್ಟೋ ವರದಿಗಳಲ್ಲಿ ಆ ಕಾಲಂ ಖಾಲಿ. ಆದರೆ ಇಲ್ಲಿ ಸುತ್ತಿಗೆ ಹಿಡಿದು ಕೈ ನೇರವಾಗಿದ್ದಾಗ ಮೂರನೇ ಕೋನ ಒಂದು ಭೇಟಿಯಲ್ಲಿ 15, ಇನ್ನೊಂದರಲ್ಲಿ ಮೈನಸ್ 15 ಇತ್ತು. ಮಣಿಕಟ್ಟು ಮಾಡಲಾರದ ಚಲನೆಯನ್ನು ಸೆನ್ಸರ್ ತೋರಿಸುತ್ತಿದೆ ಅಂದರೆ ಅದು ತನ್ನ ಓರೆಯನ್ನೇ ತೋರಿಸುತ್ತಿದೆ. ಬೇಡ ಅಂತ ಬಿಟ್ಟ ಆ ಅಂಕಿಯೇ ಇಲ್ಲಿ ಅತಿ ಮುಖ್ಯ ಸಾಕ್ಷಿ. ಪ್ರತಿ ಅಧ್ಯಯನವೂ ಅದನ್ನು ಪ್ರಕಟಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾಮೂಲಿ ಪರೀಕ್ಷೆಗಳು ಇದನ್ನು ಹಿಡಿಯುತ್ತಿರಲಿಲ್ಲವೇ? ಇಲ್ಲ. ಒಂದು ಭೇಟಿಯೊಳಗೆ ಎಷ್ಟು ಸಲ ಸುತ್ತಿಗೆ ಬೀಸಿದರೂ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಓರೆಯಾದ ಸೆನ್ಸರ್ ಪ್ರತಿ ಸಲವೂ ಅಷ್ಟೇ ಓರೆ, ಹಾಗಾಗಿ ಪುನರಾವರ್ತನೆಯ ಅಂಕ ಬಹಳ ಚೆನ್ನಾಗಿ ಬರುತ್ತದೆ. ಕ್ಯಾಮೆರಾ ವ್ಯವಸ್ಥೆಯ ಜೊತೆ ಹೋಲಿಸಿದರೆ? ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿಕೊಟ್ಟಂತೆ ಎರಡು ಉಪಕರಣಗಳ ವ್ಯತ್ಯಾಸವನ್ನು ಚಿತ್ರಿಸಿ ನೋಡುವುದು ಒಳ್ಳೆಯ ಅಭ್ಯಾಸ. ಆದರೆ ಕ್ಯಾಮೆರಾ ಹಿಂಬಾಲಿಸುವ ಗುರುತುಗಳನ್ನೂ, ಅಂದರೆ ಮಾರ್ಕರ್‌ಗಳನ್ನೂ, ಅದೇ ಬೆಲ್ಟಿಗೆ ಅಂಟಿಸಿ, ಅದೇ ಭಂಗಿಯಲ್ಲಿ ಸೊನ್ನೆ ಹಿಡಿದರೆ ಎರಡೂ ಒಂದೇ ಚರ್ಮದ ಮೇಲೆ ಸವಾರಿ ಮಾಡುತ್ತಿರುತ್ತವೆ. ಎರಡೂ ಒಂದೇ ಮಾತು ಹೇಳುತ್ತವೆ, ಆ ಮಾತು ತಪ್ಪಾಗಿರುತ್ತದೆ. ಮೂಳೆಯ ಬಗ್ಗೆ ಆ ಹೊಂದಾಣಿಕೆ ಏನನ್ನೂ ಹೇಳುವುದಿಲ್ಲ.

ಖಚಿತ ಮಾಡಿಕೊಂಡದ್ದು, ಸರಿಪಡಿಸಿದ್ದು

ಉಪಕರಣವೇ ಕೆಟ್ಟಿದೆಯೇ ಅಂತ ಮೊದಲು ನೋಡಬೇಕು. ಬಾಗಿಲಿನ ಕೀಲಿನಂತೆ ಒಂದೇ ಅಕ್ಷದಲ್ಲಿ ಮಡಚುವ ಎರಡು ಹಲಗೆಗಳ ಮೇಲೆ ಸೆನ್ಸರ್ ಅಂಟಿಸಿ ಮಡಚಿದರೆ ವಾಲಿಕೆ ಸೊನ್ನೆಯಲ್ಲೇ ಉಳಿಯುತ್ತದೆ. ಸೆನ್ಸರ್ ಸರಿಯಾಗಿದೆ.

ಮುಂದಿನ ಪರೀಕ್ಷೆಗೆ ಮೇಜು ಸಾಕು. ವ್ಯಕ್ತಿ ಕೈಯನ್ನು ಕಿರುಬೆರಳಿನ ಅಂಚಿನ ಮೇಲೆ, ಹೆಬ್ಬೆರಳು ಮೇಲಿರುವಂತೆ ಮೇಜಿನ ಮೇಲೆ ಇಡುತ್ತಾರೆ. ಮುಂಗೈ ಕದಲಬಾರದು. ಕೈಯನ್ನು ಮಾತ್ರ ಮೇಜಿನ ಮೇಲೆ ಜಾರಿಸುತ್ತಾ ಮುಂದಕ್ಕೆ, ಹಿಂದಕ್ಕೆ ಬಾಗಿಸುತ್ತಾರೆ. ಮೇಜು ತಡೆಯುವುದರಿಂದ ವಾಲಿಕೆ ಬದಲಾಗಲು ಜಾಗವಿಲ್ಲ. ಸೆನ್ಸರ್ ಸರಿ ಕೂತಿದ್ದರೆ ಗ್ರಾಫ್‌ನಲ್ಲಿ ಅಡ್ಡ ಗೆರೆ ಬರಬೇಕು. ಬಂದದ್ದು ಓರೆ ಗೆರೆ. ನಡುಭಾಗದಲ್ಲಿ ಆ ಗೆರೆಯ ಓರೆ ಎಷ್ಟಿದೆಯೋ ಸೆನ್ಸರ್ ಸರಿಯಾಗಿ ಅಷ್ಟೇ ತಿರುಗಿದೆ, ಇಲ್ಲಿ 15 ಡಿಗ್ರಿ. ಕೈಯ ಅಂಚು ದಪ್ಪವಿರುವುದರಿಂದ ಗೆರೆ ಇಡಿಯಾಗಿ ಎರಡು ಮೂರು ಡಿಗ್ರಿ ಮೇಲೆ ಕೆಳಗೆ ಸರಿಯಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ನೋಡಬೇಕಾದ್ದು ಓರೆಯನ್ನು.

ಇದೇ ಚಲನೆಯಿಂದ ಪರಿಹಾರವೂ ಸಿಗುತ್ತದೆ. ಕೈ ಹೀಗೆ ಜಾರುವಾಗ ಜೈರೋಸ್ಕೋಪ್ ಯಾವ ಅಕ್ಷದ ಸುತ್ತ ತಿರುಗುವಿಕೆಯನ್ನು ಕಾಣುತ್ತದೋ ಅದೇ ಬಾಗುವಿಕೆಯ ಅಕ್ಷ ಅಂತ ಕಂಪ್ಯೂಟರಿಗೆ ಹೇಳಿದರಾಯಿತು. ಸೆನ್ಸರ್ ಚರ್ಮದ ಮೇಲೆ ಹೇಗೇ ಕೂತಿರಲಿ, ಅಕ್ಷ ಕೀಲಿನಿಂದಲೇ ಬರುತ್ತದೆ. ಮುಖ್ಯವಾದ ಷರತ್ತು ಒಂದೇ. ಇದನ್ನು ಕೆಲಸ ನಡೆಯುವ ಮುಂಗೈ ಭಂಗಿಯಲ್ಲೇ ಮಾಡಬೇಕು. ಸುತ್ತಿಗೆಗೆ ಹೆಬ್ಬೆರಳು ಮೇಲೆ. ಕೀಬೋರ್ಡ್ ಅಧ್ಯಯನವಾದರೆ ಅಂಗೈ ಕೆಳಗೆ. ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ಮಣಿಕಟ್ಟಿನ ಎರಡು ಪಕ್ಕದಲ್ಲಿ ಕೈಗೆ ಸಿಗುವ ಮೂಳೆ ಗಂಟುಗಳ ಮೇಲೆ ಮಾರ್ಕರ್ ಇಟ್ಟರೆ ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಕಡಿಮೆ.

ಹಳೆಯ ಎರಡು ಭೇಟಿಗಳ ದತ್ತಾಂಶವನ್ನು ಎಸೆಯಬೇಕಾಗಲಿಲ್ಲ. ಕೈ ನೇರವಾಗಿದ್ದು ಸುತ್ತಿಗೆಯ ಭಾರ ಬೀಳದ ಕ್ಷಣವನ್ನು ಆರಿಸಿ, ಅಲ್ಲಿನ ಮೂರನೇ ಕೋನವನ್ನು ಸೆನ್ಸರ್‌ನ ಓರೆ ಅಂತ ತೆಗೆದುಕೊಂಡು ಮುಂಗೈ ಅಕ್ಷಗಳನ್ನು ಅಷ್ಟು ಹಿಂದಕ್ಕೆ ತಿರುಗಿಸಿದರೆ ಎರಡೂ ಭೇಟಿಗಳಲ್ಲಿ ವಾಲಿಕೆ 25 ಡಿಗ್ರಿಗೆ, ಬಾಗುವಿಕೆ 50ಕ್ಕೆ ಬಂದು ಸೇರುತ್ತದೆ. ಇಲ್ಲಿ ಒಂದು ಊಹೆ ಇದೆ, ಆ ಕ್ಷಣದಲ್ಲಿ ಮಣಿಕಟ್ಟು ತಾನಾಗಿ ತಿರುಗಿಲ್ಲ ಅನ್ನುವುದು. ಹಿಡಿಕೆ ಭಾರವಾಗಿ ಎಳೆಯುತ್ತಿದ್ದರೆ ಕೈ ಕೆಲವು ಡಿಗ್ರಿ ತಿರುಗಿಬಿಡಬಹುದು, ಅದಕ್ಕೇ ಭಾರವಿಲ್ಲದ ಕ್ಷಣ ಬೇಕು. ಎರಡು ಅಕ್ಷದ ಎಲೆಕ್ಟ್ರೋಗೋನಿಯೋಮೀಟರ್ (ಕೀಲಿನ ಮೇಲೆ ಅಂಟಿಸುವ, ತಂತಿಯಿರುವ ವಿದ್ಯುತ್ ಕೋನಮಾಪಕ) ಬಳಸಿದ್ದರೆ ಈ ಅವಕಾಶವೂ ಇರುತ್ತಿರಲಿಲ್ಲ. ಅದು ಮೂರನೇ ಕೋನವನ್ನು ದಾಖಲಿಸುವುದೇ ಇಲ್ಲ, ಮುಂಗೈ ತಿರುಗಿದಾಗ ಅದರ ತಂತಿ ಹುರಿಗೊಂಡು ಎರಡು ಕೋನಗಳೂ ಒಂದರೊಳಗೊಂದು ಬೆರೆಯುತ್ತವೆ.

ವರದಿ ತಿದ್ದಿ ಬರೆದಾಗ "ವಾಲಿಕೆ ಮೂರು ಪಟ್ಟು ಹೆಚ್ಚಿದೆ" ಅನ್ನುವ ಸಾಲು ಹೋಯಿತು. ಅದು ವ್ಯಾಯಾಮ ನಡೆಸಿದವರಿಗೆ ಬೇಸರದ ಸುದ್ದಿ, ಒಪ್ಪುತ್ತೇನೆ. ಆದರೆ ಆ ವ್ಯಕ್ತಿಗೆ ಬೇಕಾದ ಸುದ್ದಿ. ಇನ್ನೇನು ಗುಣವಾಯಿತು ಅಂತ ಚಿಕಿತ್ಸೆ ನಿಲ್ಲಿಸುವ ಬದಲು, ಮೂರು ತಿಂಗಳು ಮಾಡಿದ ವ್ಯಾಯಾಮ ಓರೆ ದಾರಿಯನ್ನು ಮುಟ್ಟಿಲ್ಲ, ಬೇರೆ ಬಗೆ ನೋಡೋಣ ಅಂತ ಈಗ ಮಾತಾಡಬಹುದು.

ಸರಿಪಡಿಸಿದ ಮೇಲೂ ಸ್ವಲ್ಪ ತಪ್ಪು ಉಳಿಯುತ್ತದೆ. ಸುತ್ತಿಗೆ ಬೀಸುವಾಗ ಮುಂಗೈಯೂ ಸ್ವಲ್ಪ ತಿರುಗುತ್ತದೆ. ಅದು 30 ಡಿಗ್ರಿ ತಿರುಗಿದರೆ, ಅದೇ ಆರನೇ ಒಂದು ಭಾಗದ ಲೆಕ್ಕದಲ್ಲಿ ಸೆನ್ಸರ್ 5 ಡಿಗ್ರಿ ಹಿಂದೆ ಬೀಳುತ್ತದೆ. ಕೈ ಹಿಂದಕ್ಕೆ 30 ಡಿಗ್ರಿ ಬಾಗಿರುವಾಗ ಅದರಿಂದ ಹುಟ್ಟುವ ಸುಳ್ಳು ವಾಲಿಕೆ 2.5 ಡಿಗ್ರಿ. ಹಾಗಾಗಿ ಮೂರನೇ ಭೇಟಿಯ ಹಾಳೆಯಲ್ಲಿ ಎರಡು ಸಾಲು ಸೇರಿಸಿದ್ದಾರೆ: ಸೊನ್ನೆ ಹಿಡಿಯುವುದು ಹೆಬ್ಬೆರಳು ಮೇಲಿರುವಾಗ ಮಾತ್ರ, ಮತ್ತು ವಾಲಿಕೆಯಲ್ಲಿ 5 ಡಿಗ್ರಿಗಿಂತ ಕಡಿಮೆ ವ್ಯತ್ಯಾಸ ಬಂದರೆ ಅದನ್ನು ಬದಲಾವಣೆ ಅಂತ ಬರೆಯಬಾರದು.